ಕಸ್ತೂರ್ಬಾ ಅವರ ಕೊನೆಯ ದಿನಗಳು: ಹೃದಯ ವೈಫಲ್ಯದಲ್ಲಿ ದಿನದ ದಾಖಲೆ ಏಕೆ ಬೇಕು?

ನಿಮಗೆ ಅಥವಾ ನಿಮ್ಮ ಮನೆಯ ಹಿರಿಯರಿಗೆ ಹೃದಯ ವೈಫಲ್ಯ ಇದ್ದರೆ, ದಿನವೂ ತೂಕ, ರಕ್ತದೊತ್ತಡ, ನಾಡಿಬಡಿತ ನೋಡಿಕೊಳ್ಳಿ ಎಂದು ವೈದ್ಯರು ಹೇಳಿರಬಹುದು. ಇದು ಏಕೆ ಮುಖ್ಯ ಎಂಬುದನ್ನು ನಮಗೆಲ್ಲ ಪರಿಚಿತರಾದ ಒಬ್ಬರ ಬದುಕಿನ ಮೂಲಕ ತಿಳಿಯೋಣ.

ಕಸ್ತೂರ್ಬಾ ಗಾಂಧಿ 1869ರಲ್ಲಿ ಗುಜರಾತಿನ ಪೋರಬಂದರಿನಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಮೋಹನದಾಸ ಗಾಂಧಿಯವರೊಂದಿಗೆ ಮದುವೆಯಾಯಿತು. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಅವರು ತೀವ್ರ ಕಾಯಿಲೆ ಬಿದ್ದರು. ಅದು ಹೃದಯದ ಕಾಯಿಲೆಯಲ್ಲ. ಉಪ್ಪು, ಬೇಳೆ ಬಿಡುವಂತೆ ಪತಿ ಒತ್ತಾಯಿಸಿದಾಗ, ಅದು ನಿಮ್ಮಿಂದಲೂ ಆಗದು ಎಂದು ಅವರು ವಾದಿಸಿದರು. ಗಾಂಧೀಜಿ ಅಲ್ಲೇ ಒಂದು ವರ್ಷದ ಮಟ್ಟಿಗೆ ಎರಡನ್ನೂ ಬಿಟ್ಟರು. ಬಾ ಕೂಡ ಬಿಟ್ಟರು. ಆರೈಕೆ ಮಾಡುವವರು ಇದನ್ನು ನೆನಪಿಡಿ: ಹೃದಯ ವೈಫಲ್ಯ ಇರುವವರಿಗೆ ಉಪ್ಪು ಮಿತವಾಗಿರಬೇಕು. ಹಪ್ಪಳ, ಉಪ್ಪಿನಕಾಯಿ ಇಡೀ ಮನೆಯಲ್ಲೇ ಕಡಿಮೆಯಾದರೆ ರೋಗಿಗೆ ಪಥ್ಯ ಶಿಕ್ಷೆಯೆನಿಸದು.

1915ರಲ್ಲಿ ದಂಪತಿ ಅಹಮದಾಬಾದಿನಲ್ಲಿ ಆಶ್ರಮ ತೆರೆದರು. 1917ರಲ್ಲಿ ಆಶ್ರಮ ಸಾಬರಮತಿ ದಡಕ್ಕೆ ಬಂತು. ಅಲ್ಲಿ ಅವರು ವಾಸವಿದ್ದ ಮನೆಯ ಹೆಸರೇ ಹೃದಯಕುಂಜ. ಆಶ್ರಮದ ಅಡುಗೆಮನೆ, ಬಂದುಹೋಗುವವರ ಯೋಗಕ್ಷೇಮ ಎಲ್ಲವನ್ನೂ ಬಾ ನೋಡಿಕೊಂಡರು. ಅದರ ನಡುವೆ ಹಲವು ಬಾರಿ ಜೈಲಿಗೂ ಹೋದರು.

1942ರ ಆಗಸ್ಟ್‌ನಲ್ಲಿ ಅವರನ್ನು ಬಂಧಿಸಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಇರಿಸಲಾಯಿತು. ಆರೋಗ್ಯ ಕುಸಿಯುತ್ತ ಬಂತು. 1944ರ ಜನವರಿಯಲ್ಲಿ ಎರಡು ಬಾರಿ ಹೃದಯಾಘಾತವಾಯಿತು. ಆಮೇಲೆ ಹೆಚ್ಚಾಗಿ ಹಾಸಿಗೆಯಲ್ಲೇ. ರಾತ್ರಿ ಉಸಿರು ಕಟ್ಟಿ ನಿದ್ದೆ ಕೆಡುತ್ತಿತ್ತು. ಜೊತೆಯಲ್ಲಿ ವೈದ್ಯೆ ಸುಶೀಲಾ ನಯ್ಯರ್ ಇದ್ದರು, ಹೃದ್ರೋಗ ತಜ್ಞ ಡಾ. ಗಿಲ್ಡರ್ ಕೂಡ ಇದ್ದರು. ಆದರೂ 1944ರ ಫೆಬ್ರವರಿ 22ರಂದು ಬಾ ತೀರಿಕೊಂಡರು. ಆಗ ವಯಸ್ಸು 74.

ಅಂದು ಎಕೋ ಪರೀಕ್ಷೆ ಇರಲಿಲ್ಲ. ಹಾಗಾಗಿ ಅವರ ಕಾಯಿಲೆಗೆ ನಾವು ಇಂದಿನ ಹೆಸರು ಇಡುವುದು ಸರಿಯಲ್ಲ. ಆದರೆ ಹೃದಯಾಘಾತದ ನಂತರ ಹೃದಯ ದುರ್ಬಲವಾಗಿ ನೀರು ಶ್ವಾಸಕೋಶದಲ್ಲಿ ನಿಂತಾಗ, ಮಲಗಿದರೆ ಉಸಿರು ಕಟ್ಟುವುದು ಸಾಮಾನ್ಯ. ಇಂದು ಇದಕ್ಕೆ ಒಳ್ಳೆಯ ಔಷಧಿಗಳಿವೆ. ಅವು ಸಮಯಕ್ಕೆ ಸಿಗಬೇಕಾದರೆ ಬದಲಾವಣೆ ಬೇಗ ಗೊತ್ತಾಗಬೇಕು. ಎಷ್ಟೋ ಸಲ ಉಸಿರಾಟ ಕೆಡುವ ಕೆಲವು ದಿನ ಮೊದಲೇ ನೀರು ತುಂಬಿ ತೂಕ ಏರಿರುತ್ತದೆ.

ನೀವು ಏನು ಮಾಡಬಹುದು?

- ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು, ಒಂದೇ ತೂಕದ ಯಂತ್ರದಲ್ಲಿ ತೂಕ ನೋಡಿ.
- ಕುಳಿತು ಐದು ನಿಮಿಷ ಸುಧಾರಿಸಿಕೊಂಡು ರಕ್ತದೊತ್ತಡ, ನಾಡಿಬಡಿತ ನೋಡಿ.
- ಕಾಲು ಊದಿದೆಯೇ, ರಾತ್ರಿ ಎಷ್ಟು ದಿಂಬು ಬೇಕಾಯಿತು ಎಂದೂ ಬರೆಯಿರಿ.

ಬ್ಲೂಟೂತ್ ಇರುವ ಯಂತ್ರಗಳು ಈ ಅಂಕಿಗಳನ್ನು ತಾವೇ ಮೊಬೈಲ್ ಆ್ಯಪ್‌ಗೆ ಕಳಿಸುತ್ತವೆ. ಅಮ್ಮ ಧಾರವಾಡದಲ್ಲಿದ್ದು ನೀವು ವಡೋದರಾದ ಆಲ್ಕಾಪುರಿಯಲ್ಲಿದ್ದರೂ ಅಂಕಿಗಳನ್ನು ನೋಡಬಹುದು. ಆ್ಯಪ್ ಇಲ್ಲದಿದ್ದರೆ ಪುಸ್ತಕದಲ್ಲಿ ಬರೆದು ಫೋಟೊ ಕಳಿಸಿದರೂ ಸಾಕು. ಆದರೆ ಆ್ಯಪ್ ವೈದ್ಯರಲ್ಲ. ನೀವು ಕಳಿಸಿದ್ದನ್ನು ಆಸ್ಪತ್ರೆಯಲ್ಲಿ ಯಾರು, ಯಾವಾಗ ನೋಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

3 ದಿನಗಳಲ್ಲಿ ತೂಕ 2 ಕಿಲೋಗಿಂತ ಹೆಚ್ಚು ಏರಿದರೆ, ಊತ ಅಥವಾ ಆಯಾಸ ಹೆಚ್ಚಿದರೆ ವೈದ್ಯರಿಗೆ ಫೋನ್ ಮಾಡಿ. ಅವರು ಹೇಳದೆ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ಕುಳಿತಲ್ಲೇ ಏದುಸಿರು, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

1953ರಲ್ಲಿ ಮಣಿಪಾಲದಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೆ ಕಸ್ತೂರ್ಬಾ ಅವರ ಹೆಸರಿಟ್ಟರು. ನಿಮ್ಮ ಮನೆಯಲ್ಲಿ ಯಾರಾದರೂ ರಾತ್ರಿ ಉಸಿರಿಗಾಗಿ ಎದ್ದು ಕುಳಿತರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಬರೆದಿಡಿ, ವೈದ್ಯರಿಗೆ ತಿಳಿಸಿ.