ಗೋಡೆಯೊಳಗಿನ ಹೂಗಳು

ಪುಣೆಗೆ ಬಂದ ಮೇಲೆ ಚಿತ್ರ ಬರೆಯುವುದನ್ನು ಬಿಟ್ಟೇಬಿಟ್ಟಿದ್ದೆ. ತೀರ್ಥಹಳ್ಳಿಯಲ್ಲಿದ್ದಿದ್ದರೆ ತುಂಗೆಯನ್ನೋ ಅಡಿಕೆ ತೋಟವನ್ನೋ ಬರೆಯಬಹುದಿತ್ತು, ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಬರೆಯಲು ಏನಿದೆ ಎಂಬುದು ನನ್ನ ನೆಪ. ಕಳೆದ ವರ್ಷ ಹೇಗೋ ಒಂದು ಭಾನುವಾರದ ತರಗತಿಗೆ ಸೇರಿದೆ. ಅಲ್ಲಿ ಸರ್ ವಿನ್ಸೆಂಟ್ ವ್ಯಾನ್ ಗೋನ ‘ಐರಿಸಸ್’ ಚಿತ್ರದ ಮುದ್ರಿತ ಪ್ರತಿ ಕೊಟ್ಟು, ಪ್ಯಾಲೆಟ್ ನೈಫಿನಲ್ಲೇ ಮಾಡಿ ನೋಡಲು ಹೇಳಿದರು.

ತೈಲವರ್ಣವನ್ನು ಬೆಣ್ಣೆಯಂತೆ ಸವರಿದಾಗ ದಳಗಳು ದಪ್ಪಗೆ ಎದ್ದು ನಿಂತವು. ಆದರೆ ಎಲೆ, ದಳಗಳ ಅಂಚಿನ ಗೆರೆ ಮಾತ್ರ ನೈಫಿಗೆ ಒಲಿಯಲಿಲ್ಲ. ವ್ಯಾನ್ ಗೋ ಅದನ್ನು ಕುಂಚದಲ್ಲಿ ಎಳೆದಿದ್ದ. ಜಪಾನಿನ ಮರದಚ್ಚಿನ ಚಿತ್ರಗಳ ಮೇಲಿನ ಪ್ರೀತಿ ಆ ಗೆರೆಗಳಲ್ಲಿದೆ. ಆ ಗೆರೆಗಳ ಬೆನ್ನು ಹತ್ತಿ ಅವನ ಬದುಕನ್ನು ಓದಿದೆ.

1853ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಳ್ಳಿಯೊಂದರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದವನು. ಕಲಾಕೃತಿ ಮಾರುವ ಕಂಪನಿಯ ನೌಕರನಾಗಿ ಲಂಡನ್, ಪ್ಯಾರಿಸ್ ಸುತ್ತಿದ. ಆ ಕೆಲಸ ಹೋಯಿತು. ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ಊರಿನಲ್ಲಿ ಧರ್ಮಪ್ರಚಾರಕನಾದ. ಅದೂ ಉಳಿಯಲಿಲ್ಲ. ಚಿತ್ರಕಾರನಾಗಲು ನಿಶ್ಚಯಿಸಿದ್ದು 27ನೇ ವಯಸ್ಸಿನಲ್ಲಿ. ಅಲ್ಲಿಂದ ಮುಂದೆ ಖರ್ಚಿನ ಹಣ, ಬಣ್ಣ, ಕ್ಯಾನ್ವಾಸ್ ಎಲ್ಲವೂ ತಮ್ಮ ಥಿಯೊನಿಂದಲೇ ಬರಬೇಕಿತ್ತು.

1888ರ ಡಿಸೆಂಬರಿನಲ್ಲಿ ಆರ್ಲ್ ಪಟ್ಟಣದಲ್ಲಿ ತನ್ನ ಕಿವಿಯನ್ನೇ ಕತ್ತರಿಸಿಕೊಂಡ. ಮರುವರ್ಷ ಮೇ 8ರಂದು ತಾನಾಗಿ ಒಪ್ಪಿ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯ ಸೇರಿದ. ಮೊದಲ ಕೆಲವು ವಾರ ಗೋಡೆಯಾಚೆ ಹೋಗಲಿಲ್ಲ. ಎದುರಿಗಿದ್ದದ್ದು ಆಸ್ಪತ್ರೆಯ ತೋಟ. ಅಲ್ಲಿ ಐರಿಸ್ ಅರಳಿತ್ತು. ಸೇರಿದ ಒಂದೇ ವಾರದೊಳಗೆ ಅದನ್ನು ಬರೆಯತೊಡಗಿದ. ಅವನ ಮಟ್ಟಿಗೆ ಅದೊಂದು ಅಭ್ಯಾಸಚಿತ್ರ. ಥಿಯೊ ಮಾತ್ರ ಅದನ್ನು ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕಿಟ್ಟ.

ಅದಕ್ಕೂ ಮುನ್ನ, ಆ ಬೇಸಿಗೆಯಲ್ಲಿ ಕಾಯಿಲೆ ಮರುಕಳಿಸಿತ್ತು. ಆ ಸ್ಥಿತಿಯಲ್ಲಿ ಬಣ್ಣವನ್ನೇ ನುಂಗಿದ್ದರಿಂದ ಕೆಲವು ವಾರ ಅವನ ಕೈಗೆ ಬಣ್ಣ ಕೊಡಲಿಲ್ಲ. ಕೊಟ್ಟ ಮೇಲೆ ಮತ್ತೆ ಬರೆದ. ಅಲ್ಲಿದ್ದ ಒಂದು ವರ್ಷದಲ್ಲಿ ಸುಮಾರು 150 ಚಿತ್ರ. 1890ರ ಜುಲೈ 29ರಂದು ತೀರಿಕೊಂಡಾಗ ಅವನಿಗೆ 37 ವರ್ಷ. ಆರು ತಿಂಗಳಲ್ಲಿ ಥಿಯೊ ಕೂಡ ಹೋದ. ಚಿತ್ರಗಳನ್ನೂ ಪತ್ರಗಳನ್ನೂ ಕಾಪಾಡಿ ಜಗತ್ತಿಗೆ ತಲುಪಿಸಿದವಳು ಥಿಯೊನ ಹೆಂಡತಿ ಯೊಹಾನ್ನಾ.

‘ಐರಿಸಸ್’ ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ನಾವು ಕಾಣುವ ನೀಲಿ ಹೂಗಳು ಅವನು ಬರೆದಾಗ ನೇರಳೆಯಾಗಿದ್ದವು. ಬೆರೆಸಿದ್ದ ಕೆಂಪು ಬೆಳಕಿಗೆ ಮಾಸಿಹೋಗಿದೆ. ಇದು ತಿಳಿದ ದಿನ ನನ್ನ ಹೂಗಳಿಗೂ ಒಂದಿಷ್ಟು ಕೆಂಪು ಸೇರಿಸಿದೆ. ಅಂಚಿನ ಗೆರೆ ಈಗಲೂ ಸರಿಯಿಲ್ಲ.

ಹೊರಗೆ ಹೋಗಲಾಗದವನು ಕಣ್ಣೆದುರಿನ ಪಾತಿಯನ್ನು ಬರೆದ. ಎಲ್ಲಿಗೆ ಬೇಕಾದರೂ ಹೋಗಬಲ್ಲ ನಾನು ಊರಿನ ನೆಪ ಹೇಳಿ ಹನ್ನೊಂದು ವರ್ಷ ಸುಮ್ಮನಿದ್ದೆ. ಈ ಭಾನುವಾರ ನಮ್ಮ ಸೊಸೈಟಿಯ ಕಾಂಪೌಂಡಿನ ದಾಸವಾಳದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಕೈಯಲ್ಲಿ ನೈಫೂ ಇದೆ, ಕುಂಚವೂ ಇದೆ.