ಪಕ್ಕದ ತಾಲ್ಲೂಕಿನ ಮೇಷ್ಟ್ರು: ತೀ. ನಂ. ಶ್ರೀಕಂಠಯ್ಯ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಿರಿಯರೊಬ್ಬರ ಜೀವನದ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಬೇರೆ ಹೆಸರು ಹೊಳೆಯಲಿಲ್ಲ. ಹಾಗಲವಾಡಿಯ ಈ ಶಾಲೆಯಲ್ಲಿ ಓದಿ, ಮುಂದೆ ಕನ್ನಡ ಅಧ್ಯಾಪಕನಾಗಿ ನಿವೃತ್ತನಾದವನು ನಾನು. ತೀ. ನಂ. ಶ್ರೀಕಂಠಯ್ಯನವರನ್ನು ಕಣ್ಣಾರೆ ಕಂಡವನಲ್ಲ. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆದರೂ ಅವರನ್ನು ನನ್ನ ಮೇಷ್ಟ್ರು ಎಂದೇ ತಿಳಿದಿದ್ದೇನೆ.

ಒಂಬತ್ತನೇ ತರಗತಿಯಲ್ಲಿ ಸಂಧಿ ಪಾಠ ನಡೆಯುತ್ತಿತ್ತು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದರೆ ಲೋಪ, ಕೆರೆ ಮತ್ತು ಅಲ್ಲಿ ಸೇರಿ ಕೆರೆಯಲ್ಲಿ ಆದರೆ ಆಗಮ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದರೆ ಆದೇಶ. ನಮ್ಮ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದರು. ನಾನು ತೆಂಗಿನ ತೋಟದ ಹುಡುಗ. ಎಳೆಯ ಕಾಯಿಯನ್ನು ಎಳೆಗಾಯಿ ಅನ್ನುತ್ತೇವಲ್ಲ, ಹಾಗಾದರೆ ತೆಂಗಿನಕಾಯಿ ಯಾಕೆ ತೆಂಗಿನಗಾಯಿ ಆಗಲಿಲ್ಲ ಎಂದು ಎದ್ದು ನಿಂತು ಕೇಳಿಬಿಟ್ಟೆ. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ನೋಡಿಕೊಂಡು ಬಂದು ನಾಳೆ ಹೇಳುತ್ತೇನೆ ಎಂದರು.

ಮರುದಿನ ಅವರ ಕೈಯಲ್ಲಿ ರಟ್ಟು ಸವೆದ ಒಂದು ಪುಸ್ತಕವಿತ್ತು. ಅದು ಕನ್ನಡ ಮಧ್ಯಮ ವ್ಯಾಕರಣ. ನಿನ್ನೆ ತಮಗೆ ಉತ್ತರ ಗೊತ್ತಿರಲಿಲ್ಲವೆಂದು ಎಲ್ಲರೆದುರಿಗೆ ಒಪ್ಪಿಕೊಂಡರು. ಆದೇಶ ಎಲ್ಲ ಕಡೆಯೂ ಆಗುವುದಿಲ್ಲ, ಎಲ್ಲಿ ಆಗುತ್ತದೆ ಎಲ್ಲಿ ಆಗುವುದಿಲ್ಲ ಎಂಬುದನ್ನು ಜನರ ಮಾತಿನಿಂದಲೇ ತಿಳಿಯಬೇಕು ಎಂದು ವಿವರಿಸಿ, ಮನೆಯಲ್ಲಿ ಆಡುವ ಇಂಥ ಮಾತುಗಳನ್ನು ಬರೆದುಕೊಂಡು ಬರಲು ಹೇಳಿದರು. ನೆಲ್ಲಿಕಾಯಿ, ಸೌತೆಕಾಯಿ, ಹಸಿಗಾಯಿ ಎಂದು ನಮ್ಮ ನೋಟ್ ಬುಕ್ಕಿನ ಪುಟ ತುಂಬಿತು. ನಮ್ಮ ಅವ್ವಂದಿರ ಮಾತಿಗೂ ಒಂದು ಕ್ರಮವಿದೆ ಎಂದು ಅಂದೇ ನನಗೆ ಗೊತ್ತಾದದ್ದು. ಪುಸ್ತಕ ಬರೆದವರ ಹೆಸರಿನ ಮೊದಲ ಅಕ್ಷರ ತೀ ಎಂದರೆ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ಎಂದೂ ಆಗಲೇ ತಿಳಿಯಿತು. ಹಾಗಲವಾಡಿಯ ಪಾಳೆಯಗಾರರ ಸೀಮೆಗೆ ಸೇರಿದ್ದ ಚಿಕ್ಕನಾಯಕನಹಳ್ಳಿ ನಮಗೆ ಪರಸ್ಥಳವೇನಲ್ಲ. ಪುಸ್ತಕ ಬರೆಯುವವರು ಎಲ್ಲೋ ದೂರದವರು ಎಂದುಕೊಂಡಿದ್ದ ನನಗೆ ಅದೊಂದು ಬೆರಗು.

ಶ್ರೀಕಂಠಯ್ಯನವರು ಹುಟ್ಟಿದ್ದು 1906ರ ನವೆಂಬರ್ 26ರಂದು. ತಂದೆ ನಂಜುಂಡಯ್ಯ. ಹಳ್ಳಿಯಿಂದ ಹೊರಟ ಹುಡುಗ ಮೈಸೂರಿನ ಮಹಾರಾಜಾ ಕಾಲೇಜಿನವರೆಗೂ ಹೋಗಿ, ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಎಂ.ಎ. ಪದವಿ ಪಡೆದರು. ಬಿ. ಎಂ. ಶ್ರೀಕಂಠಯ್ಯನವರಂಥ ಗುರುಗಳ ಪ್ರಭಾವ ಅವರ ಮೇಲಾಯಿತು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಅಧಿಕಾರದ ಕೆಲಸಕ್ಕೂ ಸೇರಿದ್ದರು. ಅಂದಿನ ಕಾಲದಲ್ಲಿ ಅದಕ್ಕಿಂತ ದೊಡ್ಡ ಭಾಗ್ಯ ಹಳ್ಳಿಯ ಕುಟುಂಬವೊಂದಕ್ಕೆ ಇರಲಿಲ್ಲ. ಅಂಥ ಕೆಲಸವನ್ನು ಬಿಟ್ಟು ಅವರು ಪಾಠ ಹೇಳಲು ಬಂದರು.

1932ರಲ್ಲಿ ಒಲುಮೆ ಎಂಬ ಪ್ರೇಮಗೀತೆಗಳ ಸಂಕಲನ ತಂದ ಕವಿ, 1939ರಲ್ಲಿ ವಿದ್ಯಾರ್ಥಿಗಳಿಗಾಗಿ ವ್ಯಾಕರಣ ಬರೆದರು. 1953ರಲ್ಲಿ ಭಾರತೀಯ ಕಾವ್ಯಮೀಮಾಂಸೆ ಬಂತು. ಅಲಂಕಾರ, ರಸ, ಧ್ವನಿ ಎಂದು ಸಂಸ್ಕೃತದಲ್ಲಿ ನಡೆದಿದ್ದ ದೊಡ್ಡ ಚರ್ಚೆಯನ್ನೆಲ್ಲ ಕನ್ನಡದ ವಿದ್ಯಾರ್ಥಿ ತನ್ನ ಭಾಷೆಯಲ್ಲೇ ಓದಿ ತಿಳಿಯುವಂತೆ ಮಾಡಿದ ಗ್ರಂಥ ಅದು. ಸಂಸ್ಕೃತ ನಾಟಕ ಮುದ್ರಾರಾಕ್ಷಸವನ್ನು ರಾಕ್ಷಸನ ಮುದ್ರಿಕೆ ಎಂದು ಕನ್ನಡಕ್ಕೆ ತಂದರು. ಮೈಸೂರಿನಲ್ಲೂ ಧಾರವಾಡದಲ್ಲೂ ಪಾಠ ಹೇಳಿದರು. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಎಂಬ ಮಹಾಪ್ರಬಂಧ ಬರೆದದ್ದು ಇವರ ಮಾರ್ಗದರ್ಶನದಲ್ಲಿ. 1966ರ ಸೆಪ್ಟೆಂಬರಿನಲ್ಲಿ ಶ್ರೀಕಂಠಯ್ಯನವರು ತೀರಿಕೊಂಡಾಗ ಅವರಿಗೆ ಅರವತ್ತು ತುಂಬಿರಲಿಲ್ಲ. ಬಿಡಿ ಮುಕ್ತಕಗಳ ಅನುವಾದವಾದ ಬಿಡಿಮುತ್ತು ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ.

ಅವರ ಜೀವನವನ್ನು ಓದಿದಾಗಲೆಲ್ಲ ನನ್ನದೊಂದು ತಪ್ಪು ನೆನಪಾಗುತ್ತದೆ. ನಾನು ಅಧ್ಯಾಪಕನಾಗಿದ್ದಾಗ ಪರೀಕ್ಷೆ ಹತ್ತಿರ ಬಂದಿದ್ದ ಒಂದು ದಿನ, ಹಿಂದಿನ ಬೆಂಚಿನ ಹುಡುಗನೊಬ್ಬ ಸಮಾಸದ ಬಗ್ಗೆ ಒಂದು ಪ್ರಶ್ನೆ ಕೇಳಿದ. ಪಾಠ ಮುಗಿಸುವ ಅವಸರದಲ್ಲಿ, ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ ಎಂದೆ. ಅವನು ಕೂತ. ಆಮೇಲೆ ಆ ವರ್ಷವೆಲ್ಲ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ಪಾಸಾದ, ನನ್ನ ವಿಷಯದ ಫಲಿತಾಂಶವೂ ಚೆನ್ನಾಗಿತ್ತು. ಆದರೆ ನನ್ನ ಮೇಷ್ಟ್ರು ನನಗೆ ಕೊಟ್ಟಿದ್ದನ್ನು ನಾನು ಅವನಿಗೆ ಕೊಡಲಿಲ್ಲ. ಅವನ ಪ್ರಶ್ನೆ ಏನಿತ್ತೆಂಬುದೂ ಈಗ ನೆನಪಿಲ್ಲ.

ಈ ಸಂಚಿಕೆ ಓದುವ ಮಕ್ಕಳಿಗೆ ನನ್ನದೊಂದೇ ಮಾತು. ಕೇಳಲು ನಾಚಬೇಡಿ. ನಿಮ್ಮ ಮನೆಯ, ಹೊಲದ, ಸಂತೆಯ ಮಾತಿನಲ್ಲೇ ಕೇಳಿ. ಈಗ ಪಾಠ ಹೇಳುತ್ತಿರುವ ಗೆಳೆಯರಲ್ಲಿಯೂ ವಿನಂತಿ: ಗೊತ್ತಿಲ್ಲದಿದ್ದರೆ ನಾಳೆ ನೋಡಿಕೊಂಡು ಬಂದು ಹೇಳಿ. ಶಾಲೆಯ ಗ್ರಂಥಾಲಯಕ್ಕೆ ಕನ್ನಡ ಮಧ್ಯಮ ವ್ಯಾಕರಣದ ಐದು ಪ್ರತಿಗಳನ್ನು ಈ ಸಂದರ್ಭದಲ್ಲಿ ಕೊಡುತ್ತಿದ್ದೇನೆ. ಅವು ಬೀರುವಿನಲ್ಲಿ ಹೊಸದಾಗಿಯೇ ಉಳಿಯದೆ, ಮಕ್ಕಳ ಕೈಯಲ್ಲಿ ರಟ್ಟು ಸವೆಯಲಿ.