ಇಟ್ಟಿಗೆ ಗಾಡಿ ತಳ್ಳಿದ ಗಣಿತಜ್ಞ : ಪಾಲ್ ಟುರಾನ್

ಗಣಿತವೆಂದರೆ ನಮ್ಮಲ್ಲಿ ಹಲವರಿಗೆ ಅಂಜಿಕೆ. ಯುದ್ಧದ ಸಂಕಟದಲ್ಲೂ ಗಣಿತವನ್ನೇ ಸಂಗಾತಿಯಾಗಿಸಿಕೊಂಡ ವಿದ್ವಾಂಸರೊಬ್ಬರ ಬಾಳನ್ನು ನಾವಿಲ್ಲಿ ನೋಡೋಣ.

ಪಾಲ್ ಟುರಾನ್ ಅವರು 1910ನೆಯ ಇಸವಿ ಆಗಸ್ಟ್ 18ರಂದು ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. 1935ರಲ್ಲಿ ಡಾಕ್ಟರೇಟ್ ಪಡೆದರೂ ಯಹೂದಿಯೆಂಬ ಕಾರಣಕ್ಕೆ ವಿಶ್ವವಿದ್ಯಾಲಯದಲ್ಲಿ ಕೆಲಸ ದೊರೆಯಲಿಲ್ಲ. ಮನೆಪಾಠ ಹೇಳಿ ಜೀವನ ಸಾಗಿಸಿದರು. ಎರಡನೆಯ ಮಹಾಯುದ್ಧದ ಕಾಲ. 1940ರಲ್ಲಿ ಅವರನ್ನು ಕಡ್ಡಾಯ ದುಡಿಮೆಯ ಶಿಬಿರಕ್ಕೆ ಒಯ್ದರು. ಅಲ್ಲಿಯೂ ಅವರ ಚಿಂತನೆ ನಿಲ್ಲಲಿಲ್ಲ. ಬಿಂದುಗಳನ್ನು ಗೆರೆಗಳಿಂದ ಜೋಡಿಸುವ ಗಣಿತದಲ್ಲಿ ಅವರ ಹೆಸರು ಹೊತ್ತ ಪ್ರಮೇಯವು 1941ರಲ್ಲಿ ಪ್ರಕಟವಾಯಿತು.

1944ರಲ್ಲಿ ಬುಡಾಪೆಸ್ಟ್ ಸಮೀಪದ ಇಟ್ಟಿಗೆ ಕಾರ್ಖಾನೆಯಲ್ಲಿ ಅವರಿಗೆ ದುಡಿಮೆ. ಪ್ರತಿಯೊಂದು ಭಟ್ಟಿಯಿಂದ ಇಟ್ಟಿಗೆ ಪೇರಿಸುವ ಪ್ರತಿಯೊಂದು ಅಂಗಳಕ್ಕೂ ಹಳಿಗಳಿದ್ದವು. ಗಾಡಿ ತಳ್ಳುವುದು ಅಷ್ಟು ಕಷ್ಟವಲ್ಲ. ಹಳಿಗೆ ಹಳಿ ಅಡ್ಡಬಂದ ಕಡೆ ಗಾಡಿ ಹಳಿತಪ್ಪಿ ಇಟ್ಟಿಗೆಗಳು ಉರುಳುತ್ತಿದ್ದವು. ಇಂತಹ ಅಡ್ಡಗಳನ್ನು ಎಷ್ಟು ಕಡಿಮೆ ಮಾಡಬಹುದು? ಬೆವರು ಸುರಿಸುತ್ತಲೇ ಟುರಾನ್ ಯೋಚಿಸಿದರು.

ನಾವೂ ನೋಟುಪುಸ್ತಕದಲ್ಲಿ ಮೂರು ಭಟ್ಟಿ, ಮೂರು ಅಂಗಳ ಗುರುತಿಸಿ ಒಂಬತ್ತು ಗೆರೆಗಳನ್ನು ಎಳೆದು ನೋಡೋಣ. ಎಷ್ಟು ಜಾಣತನದಿಂದ ಎಳೆದರೂ ಒಂದು ಕಡೆಯಾದರೂ ಗೆರೆಗೆ ಗೆರೆ ಅಡ್ಡಬಂದೇ ಬರುತ್ತದೆ. ಭಟ್ಟಿ, ಅಂಗಳಗಳು ಎಷ್ಟೇ ಇದ್ದರೂ ಹೊಂದುವ ಉತ್ತರವನ್ನು ಇಂದಿಗೂ ಯಾರೂ ಸಾಧಿಸಿ ತೋರಿಸಿಲ್ಲ.

ಯುದ್ಧ ಮುಗಿದ ಮೇಲೆ, 1949ರಲ್ಲಿ, ಟುರಾನ್ ಬುಡಾಪೆಸ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1976ರ ಸೆಪ್ಟೆಂಬರ್ 26ರಂದು ಕಾಲವಾದರು.

ಒಂದು ಲೆಕ್ಕ ಬರಲಿಲ್ಲವೆಂದು ಪುಸ್ತಕ ಮುಚ್ಚುವಾಗ ನಾವು ಆ ಇಟ್ಟಿಗೆ ಗಾಡಿಯನ್ನು ನೆನೆಯೋಣ.